ಕೂಡುವ ಚಿಹ್ನೆ ಯಾರ ಮಾತು ಕೇಳುತ್ತದೆ?

ಪೈಥಾನ್ ಕಲಿಯುವವರಲ್ಲಿ ಬೇರೂರಿದ ತಪ್ಪು ಕಲ್ಪನೆಯೊಂದಿದೆ. ‘ಅ + ಬ’ ಎಂದರೆ ಎಡಗಡೆಯ ಆಬ್ಜೆಕ್ಟ್‌ನ ಮೆಥಡ್ ಓಡುವುದು, ಅಷ್ಟೇ; ಕ್ಲಾಸಿನಲ್ಲಿ ಡಂಡರ್ ಆಡ್ (__add__) ಬರೆದರೆ ಕೂಡುವ ಕೆಲಸ ಮುಗಿಯಿತು ಎಂದು.

ಇದು ಅರ್ಧ ಸತ್ಯ. ರೂಪಾಯಿ-ಪೈಸೆಯ ಲೆಕ್ಕಕ್ಕೆ ‘ಹಣ’ ಎಂಬ ಕ್ಲಾಸ್ ಬರೆದಿದ್ದೀರಿ ಎನ್ನಿ. ಎರಡು ಮೊತ್ತ ಕೂಡಿದರೆ ಉತ್ತರ ಸರಿಯಾಗಿ ಬರುತ್ತದೆ. ಹತ್ತು ಬಿಲ್ಲುಗಳ ಪಟ್ಟಿಯನ್ನು ಸಮ್ ಫಂಕ್ಷನ್ನಿಗೆ ಕೊಟ್ಟು ನೋಡಿ: ಟೈಪ್ ಎರರ್! ಸಮ್ ಎಣಿಕೆ ಶುರುಮಾಡುವುದು ಸೊನ್ನೆಯಿಂದ. ಹಾಗಾಗಿ ಮೊದಲ ಹೆಜ್ಜೆಯೇ ‘0 + ಹಣ’. ಎಡಗಡೆ ಕೂತಿರುವ ಪೂರ್ಣಾಂಕಕ್ಕೆ ನಿಮ್ಮ ಕ್ಲಾಸಿನ ಗುರುತೇ ಇಲ್ಲ. ಅದು ‘ನಾಟ್‌ಇಂಪ್ಲಿಮೆಂಟೆಡ್’ ಎಂಬ ವಿಶೇಷ ಬೆಲೆಯನ್ನು ಹಿಂದಿರುಗಿಸಿ ಕೈಚೆಲ್ಲುತ್ತದೆ. ಆಗ ಪೈಥಾನ್ ಬಲಗಡೆಯವರತ್ತ ತಿರುಗಿ, ನಿನ್ನಲ್ಲಿ ಡಂಡರ್ ಆರ್‌ಆಡ್ ಇದೆಯೇ ಎಂದು ವಿಚಾರಿಸುತ್ತದೆ. ಸೊನ್ನೆ ಬಂದರೆ ತನ್ನನ್ನೇ ಹಿಂದಿರುಗಿಸುವ ಆ ಪುಟ್ಟ ಮೆಥಡ್ ಇದ್ದರೆ ಸಾಕು, ಇಡೀ ಪಟ್ಟಿಯ ಮೊತ್ತ ಸಿಗುತ್ತದೆ. ಬಲಗಡೆಯದು ಎಡಗಡೆಯದರ ಸಬ್‌ಕ್ಲಾಸ್ ಆಗಿದ್ದು, ಈ ಮೆಥಡನ್ನು ತನ್ನದೇ ರೀತಿಯಲ್ಲಿ ಬರೆದುಕೊಂಡಿದ್ದರಂತೂ ಮೊದಲ ಸರದಿಯೇ ಅದರದು. ಆದ್ದರಿಂದ ಗುರುತಿಲ್ಲದ ಟೈಪ್ ಎದುರಾದಾಗ ನಿಮ್ಮ ಮೆಥಡ್ ಎರರ್ ಎಸೆಯಬಾರದು. ನಾಟ್‌ಇಂಪ್ಲಿಮೆಂಟೆಡ್ ಹಿಂದಿರುಗಿಸಿ ಇನ್ನೊಬ್ಬರಿಗೆ ದಾರಿ ಬಿಡಬೇಕು. ನಾನು ನೋಡಿದ ಪಾಠಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವುದು ಈ ಸೌಜನ್ಯವೇ.

ಬೇಕಾದ ಹೊಸ ಚಿಹ್ನೆಯನ್ನೇ ಹುಟ್ಟಿಸಬಹುದು ಎಂದು ನಂಬಿದವರೂ ಇದ್ದಾರೆ. ಸ್ವಿಫ್ಟ್, ಹ್ಯಾಸ್ಕೆಲ್‌ಗಳಲ್ಲಿ ಸಾಧ್ಯ, ಪೈಥಾನ್‌ನಲ್ಲಿ ಇಲ್ಲ. ಮ್ಯಾಟ್ರಿಕ್ಸ್ ಗುಣಾಕಾರಕ್ಕೆ @ ಚಿಹ್ನೆ ಸಿಗಬೇಕಾದರೆ ಭಾಷೆಯೇ ಬದಲಾಗಬೇಕಾಯಿತು. 2015ರಲ್ಲಿ ಪೈಥಾನ್ 3.5ರೊಂದಿಗೆ ಅದು ಬಂತು. ಗುಣಾಕಾರ ಮೊದಲು, ಸಂಕಲನ ಆಮೇಲೆ ಎಂಬ ಕ್ರಮವನ್ನೂ ನಿಮ್ಮ ಕ್ಲಾಸ್ ಅಲುಗಿಸಲಾರದು.

ಚಿಹ್ನೆಗೆ ಬೇರೆ ಅರ್ಥ ಕೊಡುವ ಈ ಸೌಲಭ್ಯ ಜಾವಾದಲ್ಲಿ ಇಲ್ಲವೇ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಸ್ಟ್ರಿಂಗ್‌ಗಳನ್ನು ಜೋಡಿಸಲು + ಅಲ್ಲಿಯೂ ಇದೆ, ನಾವು ಬರೆಯುವ ಕ್ಲಾಸುಗಳಿಗೆ ಮಾತ್ರ ಇಲ್ಲ. ಬಿಗ್‌ಡೆಸಿಮಲ್‌ನಲ್ಲಿ ಬಡ್ಡಿ ಲೆಕ್ಕ ಬರೆದವರಿಗೆ ಆ ಕೊರತೆಯ ಭಾರ ಗೊತ್ತು. ಸರಳ ಸೂತ್ರವೂ ಆಡ್, ಮಲ್ಟಿಪ್ಲೈಗಳ ಉದ್ದನೆಯ ಸರಪಳಿಯಾಗುತ್ತದೆ.

ಕೊನೆಯದಾಗಿ, == ಬರೆದರೆ ಹೋಲಿಕೆಯಷ್ಟೇ ಬದಲಾಗುತ್ತದೆ ಎಂಬ ನಂಬಿಕೆ. ಪೈಥಾನ್ 3ರಲ್ಲಿ ಡಂಡರ್ ಈಕ್ಯೂ ಮಾತ್ರ ಬರೆದು ಡಂಡರ್ ಹ್ಯಾಶ್ ಬಿಟ್ಟರೆ, ಆ ಆಬ್ಜೆಕ್ಟ್ ಸೆಟ್ಟಿನೊಳಗೆ ಸೇರದು, ಡಿಕ್ಷನರಿಯ ಕೀ ಆಗದು. ನಿಮ್ಮ ‘ಹಣ’ ಒಮ್ಮೆ ಹುಟ್ಟಿದ ಮೇಲೆ ಬದಲಾಗದ ಆಬ್ಜೆಕ್ಟ್ ಆಗಿದ್ದರೆ, ಹೋಲಿಕೆಗೆ ಬಳಸಿದ ರೂಪಾಯಿ-ಪೈಸೆಗಳಿಂದಲೇ ಹ್ಯಾಶ್ ಕಟ್ಟಿ. ಎರಡೂ ಮೆಥಡ್‌ಗಳನ್ನು ಒಟ್ಟಿಗೇ ಬರೆಯಿರಿ.