ಕಾರಿನಲ್ಲಿ ಉಮ್ಮನ ಮಡಿಲು ಸಾಲದು

ದುಬೈ, ಶಾರ್ಜಾದಲ್ಲಿರುವ ನಮ್ಮವರಿಗೆ ಮಗುವಿನ ಕಾರ್ ಸೀಟ್ ಹೊಸತಲ್ಲ. ಯುಎಇಯಲ್ಲಿ 2017ರಲ್ಲೇ 4 ವರ್ಷದವರೆಗಿನ ಮಕ್ಕಳಿಗೆ ಅದು ಕಡ್ಡಾಯವಾಯಿತು, ತಪ್ಪಿದರೆ 400 ದಿರ್ಹಮ್ ದಂಡ. ಅದೇ ಮಗು ರಜೆಗೆ ಬಜ್ಪೆಯಲ್ಲಿ ಇಳಿದ ಕೂಡಲೇ ಮುಂದಿನ ಸೀಟಿನಲ್ಲಿ ಉಮ್ಮನ ಮಡಿಲಿಗೆ! ಕೇಳಿದರೆ, "ಗಟ್ಟಿ ಹಿಡ್ಕೊಂಡಿದ್ದೇನಲ್ಲ" ಅಂತಾರೆ.

50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ನಿಂತರೆ 10 ಕೆ.ಜಿ.ಯ ಮಗು ಆ ಕ್ಷಣಕ್ಕೆ ಹತ್ತಾರು ಪಟ್ಟು ಭಾರವಾಗುತ್ತದೆ. ಯಾವ ಉಮ್ಮನ ಕೈಗೂ ಅದನ್ನು ತಡೆಯುವ ಶಕ್ತಿಯಿಲ್ಲ. ತವಕ್ಕುಲ್ ಬೇಕು, ನಿಜ. ಆದರೆ ಒಂಟೆ ಕಟ್ಟುವ ಹದೀಸ್ ಮದ್ರಸದ ಮಕ್ಕಳಿಗೂ ಗೊತ್ತು.

ಸೀಟ್ ಕೊಳ್ಳುವಾಗ ಬಣ್ಣ ನೋಡಬೇಡಿ. ಮಗುವಿನ ತೂಕ, ಎತ್ತರಕ್ಕೆ ಹೊಂದುತ್ತದಾ, ಆರ್129 ಎಂಬ ಲೇಬಲ್ ಇದೆಯಾ ನೋಡಿ. ಕನಿಷ್ಠ 15 ತಿಂಗಳವರೆಗೆ ಮಗುವಿನ ಮುಖ ಕಾರಿನ ಹಿಂಬದಿಗೇ ಇರಬೇಕು. ಶಿಶುವಿನ ತಲೆ ಭಾರ, ಕುತ್ತಿಗೆ ಎಳತು. ಹೀಗೆ ಕೂರಿಸಿದರೆ ಡಿಕ್ಕಿಯಾದಾಗ ಸೀಟಿನ ಬೆನ್ನು ಎರಡನ್ನೂ ಹಿಡಿದುಕೊಳ್ಳುತ್ತದೆ. ಆದರೆ ಇಂತಹ ಸೀಟನ್ನು ಏರ್‌ಬ್ಯಾಗ್ ಎದುರು ಇಡಲೇಬಾರದು, ಹಿಂದಿನ ಸೀಟೇ ಸರಿ. ಭುಜದ ಮೇಲಿನ ಬೆಲ್ಟ್ ಚಿವುಟಲು ಸಿಗದಷ್ಟು ಬಿಗಿ ಇರಲಿ. ಸಂಬಂಧಿಕರ ಹಳೆ ಸೀಟಾದರೆ ಅಪಘಾತ ಕಂಡಿದೆಯಾ ಕೇಳಿ, ಕಂಡಿದ್ದರೆ ಬೇಡ.

ನಮ್ಮಲ್ಲೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ, 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಹಾಕದಿದ್ದರೆ 1000 ರೂ. ದಂಡವಿದೆ.

ಗಲ್ಫ್‌ನಿಂದ ಬರುವವರು ಅಲ್ಲಿನ ಸೀಟನ್ನೇ ತರಬಹುದು. ಹಲವು ವಿಮಾನ ಸಂಸ್ಥೆಗಳು ಅದನ್ನು ಉಚಿತವಾಗಿ ಒಯ್ಯುತ್ತವೆ, ಟಿಕೆಟ್ ಮಾಡುವಾಗಲೇ ಕೇಳಿ. ಚಾಕಲೇಟ್, ಅತ್ತರಿನ ಪೆಟ್ಟಿಗೆಗೆ ಹೇಗೂ ಜಾಗ ಮಾಡ್ತೇವಲ್ಲ!