ಕಾದದ್ದೆಲ್ಲ ಕೆಟ್ಟದ್ದಲ್ಲ

ಲ್ಯಾಮಿಂಗ್ಟನ್ ರಸ್ತೆಯಿಂದ ಬಿಡಿಭಾಗಗಳನ್ನು ತಂದು ಕಳಂಬೋಲಿಯ ಮನೆಯಲ್ಲಿಯೇ ಕಂಪ್ಯೂಟರು ಜೋಡಿಸಿಕೊಳ್ಳುವ ಬಂಧುಗಳು ನಮ್ಮಲ್ಲಿ ಉಂಟು. ಯಂತ್ರವು ಕಾದು ನಿಂತಿತೆಂದು ಹೊಸ ಪ್ರೊಸೆಸರಿಗೆ ಸಂಬಳವನ್ನು ಸುರಿಯುವ ಮೊದಲು ಇಷ್ಟನ್ನು ಪರೀಕ್ಷಿಸತಕ್ಕದ್ದು.

ಕಾವನ್ನು ತೋರಿಸುವ ಸಾಫ್ಟ್‌ವೇರು ಉಚಿತವಾಗಿಯೇ ದೊರೆಯುತ್ತದೆ. ಮೇ ತಿಂಗಳಲ್ಲಿ ಕೋಣೆಯೇ 35 ಡಿಗ್ರಿ ಇರುವಾಗ, ಸುಮ್ಮನಿರುವ ಪ್ರೊಸೆಸರು 45-50 ತೋರಿದರೆ ಗಾಬರಿ ಬೇಡ. ಭಾರಿ ಕೆಲಸದಲ್ಲಿ 80ರ ಆಸುಪಾಸೂ ಸಹ್ಯವೇ. 95-100ನ್ನು ಸಮೀಪಿಸಿದರೆ ಮಾತ್ರ, ಅನೇಕ ಪ್ರೊಸೆಸರುಗಳು ತಮ್ಮ ರಕ್ಷಣೆಗಾಗಿ ತಾವೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ.

ಅಂಕಿಯಂತೆಯೇ ಅದು ಏರುವ ರೀತಿಯನ್ನೂ ಗಮನಿಸಿರಿ. ನಿಧಾನವಾಗಿ ಹತ್ತಾರು ನಿಮಿಷಗಳಲ್ಲಿ ಏರಿದರೆ, ಧೂಳು ಹಿಡಿದ ಫ್ಯಾನು ಅಥವಾ ಗೋಡೆಗೊತ್ತಿದ ಪೆಟ್ಟಿಗೆ ಕಾರಣವಿರಬಹುದು. ಕೆಲವೇ ಸೆಕೆಂಡುಗಳಲ್ಲಿ 95ಕ್ಕೆ ಹಾರಿದರೆ, ಪ್ರೊಸೆಸರಿನ ಮೇಲಿನ ಲೋಹದ ಹೀಟ್‌ಸಿಂಕು ಸರಿಯಾಗಿ ಕೂತಿಲ್ಲವೆಂದೇ ಮೊದಲು ಶಂಕಿಸಬೇಕು. ನಡುವೆ ಸಿಕ್ಕ ಗಾಳಿಯು ಕಾವನ್ನು ದಾಟಗೊಡದು. ಆ ಸಂದನ್ನು ತುಂಬುವುದಕ್ಕಾಗಿಯೇ ಪೇಸ್ಟು.

ವಿದ್ಯುತ್ ಪ್ಲಗ್ಗನ್ನು ಕಿತ್ತು, ಹೀಟ್‌ಸಿಂಕನ್ನು ಬಿಚ್ಚಿ ನೋಡಿರಿ. ತಳದ ಪ್ಲಾಸ್ಟಿಕ್ ಹಾಳೆ ಉಳಿದಿದ್ದರೆ ತೆಗೆಯಿರಿ. ಹಳೆಯ ಪೇಸ್ಟನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸದನ್ನಿಟ್ಟು, ನಾಲ್ಕು ಮೂಲೆಗಳನ್ನೂ ಒಂದರ ಬಳಿಕ ಅದರ ಎದುರು ಮೂಲೆಯೆಂಬಂತೆ ಬಿಗಿಯಿರಿ. ಒಂದು ಪಿನ್ನು ಸಡಿಲವಾಗಿದ್ದರೂ ಕಾವು ಮತ್ತೆ ಹಾರೀತು. ಇಷ್ಟಾದ ಮೇಲೂ ಇಳಿಯದಿದ್ದರೆ ಬಲ್ಲವರಿಗೆ ತೋರಿಸಿರಿ.