ಕೋಲು ಎತ್ತುವ ಮುಂಚೆ ಕಾಲು ನೋಡಿ

ಮೊನ್ನೆ ಬೆಳಿಗ್ಗೆ ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿ ಮುಂದೆ ಒಂದು ಹೆಣ್ಣು ಕತ್ತೆ ನಿಂತುಬಿಟ್ಟಿತ್ತು. ಜೊತೆಗೊಂದು ಮರಿ. ‘ಕತ್ತೆ ಹಾಲೂ...’ ಎಂದು ಕೂಗುತ್ತ ಬೀದಿ ಸುತ್ತುವ ಮುದುಕ ಹಗ್ಗ ಜಗ್ಗಿದ, ಬೈದ, ಕೊನೆಗೆ ಕೋಲು ಎತ್ತಿದ. ಕತ್ತೆ ಜಪ್ಪಯ್ಯ ಅನ್ನಲಿಲ್ಲ. ಬಸ್ಸಿಗೆ ಕಾದಿದ್ದವರು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ?

ನಗದಿದ್ದವರು ಒಬ್ಬರೇ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು.

“ಯಜಮಾನ್ರೇ, ಕೋಲು ಕೆಳಗಿಡಿ. ಅದರ ಕಾಲು ನೋಡಿದ್ದೀರಾ?”

ನೋಡಿದೆವು. ಮುಂಗಾಲಿನ ಗೊರಸು ಉದ್ದ ಬೆಳೆದು, ಹಳೇ ಕಾಲದ ಜೋಡಿನ ಮೂತಿಯಂತೆ ಮೇಲಕ್ಕೆ ಬಾಗಿತ್ತು. ಸರಿಯಾದ ಗೊರಸನ್ನು ಪಕ್ಕದಿಂದ ನೋಡಿದರೆ ಅದರ ಮುಂಭಾಗದ ಗೆರೆಯೂ ಮೇಲಿನ ಮೂಳೆಯ ಗೆರೆಯೂ ಒಂದೇ ನೇರಕ್ಕೆ ಬರಬೇಕಂತೆ. ನಡುವೆ ಮುರಿದಂತೆ ಕಂಡರೆ ಗೊರಸು ಕೆಟ್ಟಿದೆ ಎಂದೇ ಲೆಕ್ಕ. ಇನ್ನೊಂದು ಮಾತು: ಕತ್ತೆ ಗೊರಸು ಕುದುರೆಯದಕ್ಕಿಂತ ಕಿರಿದು, ಹೆಚ್ಚು ನೆಟ್ಟಗೆ. ಕುದುರೆ ಅಂದಾಜಿನಲ್ಲಿ ಹಿಮ್ಮಡಿ ಕತ್ತರಿಸಿ ಹಾಕಿದರೆ ಇದ್ದ ಕಾಲೂ ಹೋಯಿತು.

ಕಾಂಪೌಂಡರು ಕಾಲೆತ್ತಿ ಕಡ್ಡಿಯಿಂದ ಕೆಸರು ಕೆರೆದರು. ಗಬ್ಬು ವಾಸನೆ! ಗೊರಸಿನ ಗೋಡೆಗೂ ಅಂಗಾಲಿಗೂ ನಡುವಿನ ಬಿಳಿ ಗೆರೆ ಪುಡಿಪುಡಿ. ಕತ್ತೆ ಮೂಲದಲ್ಲಿ ಒಣ ಕಲ್ಲು ನೆಲದ ಪ್ರಾಣಿ. ಅದರ ಗೊರಸು ನೀರು ಹೀರುತ್ತದೆ. ಮಳೆಗಾಲವಿಡೀ ಚರಂಡಿ ಪಕ್ಕ ಕಟ್ಟಿದರೆ ಕೊಳೆಯದೆ ಏನಾದೀತು?

ಆಮೇಲೆ ಗೊರಸಿನ ಮೇಲೆ ಅಂಗೈ ಇಟ್ಟರು. ಬಿಸಿ. ಗಿಣ್ಣಿನ ಪಕ್ಕ ಬೆರಳಿಟ್ಟರೆ ನಾಡಿ ಡಬಡಬ. ಒಳಗೆ ಉರಿಯೂತ.

“ಏನು ತಿನ್ನಿಸ್ತೀರಿ?”

ಮುದುಕ ಬೇಕರಿ ಕಡೆ ನೋಡಿದ. ಹಳಸಿದ ಬನ್ನು, ಹೋಟೆಲಿನವರ ಮಿಕ್ಕ ಅನ್ನ. ಪಾಪ, ಕೊಡುವವರು ಪುಣ್ಯವೆಂದೇ ಕೊಡುತ್ತಾರೆ. ಆದರೆ ಹಿಟ್ಟು, ಸಕ್ಕರೆ, ಅನ್ನ ಅತಿಯಾದರೆ ಕತ್ತೆಗೆ ಪೆಟ್ಟು ಬೀಳುವುದು ಗೊರಸಿನೊಳಗೆ. ಅದಕ್ಕೆ ಬೇಕಾದ್ದು ಒಣಹುಲ್ಲು, ನೀರು. ಅಂಗಡಿಯವರು ದಯವಿಟ್ಟು ಗಮನಿಸಬೇಕು.

ಕತ್ತೆ ನೋವು ತೋರಿಸಿಕೊಳ್ಳುವ ಪ್ರಾಣಿಯಲ್ಲ. ಕುಂಟುವ ಹೊತ್ತಿಗೆ ಬಹಳ ದಿನದಿಂದ ನರಳಿರುತ್ತದೆ. ನಾವು ‘ಹಟ’ ಅನ್ನುತ್ತೇವೆ.

ಆರರಿಂದ ಹತ್ತು ವಾರಕ್ಕೊಮ್ಮೆ ಬಲ್ಲವರಿಂದ ಗೊರಸು ಕತ್ತರಿಸಿ ಅರ ಹಾಕಿಸಬೇಕು. “ದುಡ್ಡು ಯಾರು ಕೊಡ್ತಾರೆ ಸಾಮಿ? ಇದ್ರ ಹಾಲಲ್ಲೇ ನಮ್ಮ ಗಂಜಿ” ಎಂದ ಮುದುಕ. ಜಾನುವಾರು ಗಣತಿಯಂತೆ ದೇಶದಲ್ಲಿ 2012ರಲ್ಲಿ ಸುಮಾರು 3.2 ಲಕ್ಷ ಕತ್ತೆಗಳಿದ್ದವು, 2019ರಲ್ಲಿ ಉಳಿದದ್ದು 1.2 ಲಕ್ಷ. ಲಾಳದವರು ಕತ್ತೆಗಾಗಿ ಅಂಗಡಿ ತೆರೆದಿಟ್ಟಾರೆಯೇ?

“ಇನ್ನೊಂದು ಹೆಜ್ಜೆ ನಡೆಸಬೇಡಿ, ಆಸ್ಪತ್ರೆಗೆ ಒಯ್ಯಿರಿ” ಎಂದರು ಕಾಂಪೌಂಡರು. ಆಸ್ಪತ್ರೆ ಎರಡು ಕಿಲೋಮೀಟರು. ನಡೆಸದೆ ಒಯ್ಯುವುದು ಹೇಗೆ? ಎಲ್ಲರೂ ಮುಖಮುಖ ನೋಡಿಕೊಂಡರು. ಕೊನೆಗೆ ತರಕಾರಿ ಇಳಿಸುತ್ತಿದ್ದ ಲಗೇಜ್ ಗಾಡಿಯವನು ಹಿಂಬಾಗಿಲು ತೆರೆದ. ಕತ್ತೆಯನ್ನು ಹತ್ತಿಸಲು ಆರು ಜನ ಬೇಕಾಯಿತು. ಮರಿ ತಾನೇ ಹಾರಿ ಹತ್ತಿತು. ಅಷ್ಟರಲ್ಲಿ ಕಾಂಪೌಂಡರ ಬಸ್ಸು ಹೊರಟುಹೋಗಿತ್ತು.